ಉಡುವ ಬಟ್ಟೆಯೂ ಒಂದು ಬೆಳೆ: ಸಾವಯವ ಹತ್ತಿ ಮತ್ತು ತೋಟಗಾರರಾದ ನಾವು

ನಮ್ಮ ಕಾಫಿ, ಅಡಿಕೆ, ಮೆಣಸುಗಳನ್ನು ಕೊಳ್ಳುವವರು ಈಚಿನ ವರ್ಷಗಳಲ್ಲಿ ತೂಕ ಮತ್ತು ದರ್ಜೆಯ ಜೊತೆಗೆ ಇನ್ನೊಂದು ವಿಚಾರವನ್ನೂ ಕೇಳತೊಡಗಿದ್ದಾರೆ. ಇದು ಬೆಳೆದದ್ದು ಎಲ್ಲಿ? ಇದಕ್ಕೆ ಯಾವ ಔಷಧಿ ಸಿಂಪಡಿಸಲಾಗಿದೆ? ಕಾಡು ಕಡಿದು ಬೆಳೆದದ್ದೇ, ನೆರಳು ಉಳಿಸಿಕೊಂಡು ಬೆಳೆದದ್ದೇ? 2020ರ ಡಿಸೆಂಬರ್ 31ರ ನಂತರ ಅರಣ್ಯ ನಾಶವಾದ ಭೂಮಿಯಲ್ಲಿ ಬೆಳೆದ ಕಾಫಿಯನ್ನು ತನ್ನ ಮಾರುಕಟ್ಟೆಗೆ ಬಿಡಬಾರದೆಂದು ಐರೋಪ್ಯ ಒಕ್ಕೂಟವು 2023ರಲ್ಲಿ ನಿಯಮವನ್ನೇ ಮಾಡಿತು. ಅದರ ಜಾರಿಯ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದರೂ ಪ್ರಶ್ನೆಯಂತೂ ಉಳಿದೇ ಇದೆ. ಇಂತಹ ಪ್ರಶ್ನೆಗಳಿಗೆ ದಾಖಲೆ ಸಹಿತ ಉತ್ತರ ಕೊಡಲು ಸಣ್ಣ ಬೆಳೆಗಾರರು ಶ್ರಮ ಪಡಬೇಕು, ಖರ್ಚನ್ನೂ ಮಾಡಬೇಕು. ಹಾಗೆ ಉತ್ತರ ಕೊಟ್ಟ ಮೇಲೆ ಕೊಳ್ಳುವವರು ತುಸು ಹೆಚ್ಚಿನ ಬೆಲೆ ಕೊಡಲಿ ಎಂದು ನಾವು ಅಪೇಕ್ಷಿಸುತ್ತೇವೆ. ಅದು ನ್ಯಾಯವೇ ಸರಿ.

ಆದರೆ ಪೇಟೆಗೆ ಹೋದಾಗ ನಾವೂ ಕೊಳ್ಳುವವರೇ. ವರ್ಷಕ್ಕೆ ಒಂದೆರಡು ಸಲವಾದರೂ ಬಟ್ಟೆಯಂಗಡಿಯ ಮೆಟ್ಟಿಲು ಹತ್ತದ ಮನೆ ನಮ್ಮಲ್ಲಿಲ್ಲ. ಅಲ್ಲಿ ನಾವು ಬಣ್ಣ ನೋಡುತ್ತೇವೆ, ಕ್ರಯ ಕೇಳುತ್ತೇವೆ, ಬಾಳಿಕೆ ಬರುತ್ತದೆಯೇ ಎಂದು ವಿಚಾರಿಸುತ್ತೇವೆ. ಆ ಬಟ್ಟೆಯ ಹಿಂದೆಯೂ ನಮ್ಮಂತೆಯೇ ಮಳೆ ನಂಬಿದ, ಸಾಲ ಮಾಡಿದ, ಔಷಧಿ ಹೊಡೆದ ಒಬ್ಬ ಬೆಳೆಗಾರನಿದ್ದಾನೆ. ಆತನ ಬೆಳೆಯ ವಿಷಯವನ್ನೂ, ಸಾವಯವ ಹತ್ತಿ ಎಂದರೇನು, ಅದನ್ನು ಆರಿಸುವುದರಿಂದ ಯಾರಿಗೆ ಏನು ಪ್ರಯೋಜನ ಎಂಬುದನ್ನೂ ಇಲ್ಲಿ ಸ್ಥೂಲವಾಗಿ ವಿವರಿಸಲು ಪ್ರಯತ್ನಿಸಿದ್ದೇವೆ.

ಹತ್ತಿ ಎಂಬ ಬೆಳೆ

ಹತ್ತಿ ನಮ್ಮ ಮಲೆನಾಡು, ಕರಾವಳಿಯ ಬೆಳೆಯಲ್ಲ. ಘಟ್ಟ ಇಳಿದು ಬಯಲಿಗೆ ಹೋದರೆ ಹಾವೇರಿ, ಧಾರವಾಡ, ಗದಗ, ರಾಯಚೂರು, ಕಲಬುರಗಿ ಕಡೆಗಳ ಎರೆಭೂಮಿಯಲ್ಲಿ ಅದನ್ನು ಕಾಣಬಹುದು. ಆದರೂ ಅದರ ಸಂಬಂಧ ನಮ್ಮ ಮನೆಗೆ ಬಟ್ಟೆಯ ಮೂಲಕ ಮಾತ್ರ ಬರುವುದಿಲ್ಲ. ಗಿಡದಿಂದ ಬಿಡಿಸಿದ ಒಂದು ಕ್ವಿಂಟಾಲು ಹತ್ತಿಯನ್ನು ಜಿನ್ನಿನಲ್ಲಿ ಹಾಕಿದರೆ ಅರಳೆ ಸಿಕ್ಕುವುದು ಸುಮಾರು 34 ಕಿಲೋ ಮಾತ್ರ. ಉಳಿದದ್ದರಲ್ಲಿ ಹೆಚ್ಚಿನಂಶ ಬೀಜ. ಆ ಬೀಜದಿಂದ ಎಣ್ಣೆ ತೆಗೆಯುತ್ತಾರೆ. ಹಿಂಡಿ ನಮ್ಮ ಕೊಟ್ಟಿಗೆಯ ಹಸು ಎಮ್ಮೆಗಳ ಬಾನಿಗೆ ಬರುತ್ತದೆ. ಆದ್ದರಿಂದ ಹತ್ತಿ ಉಡುವ ಬೆಳೆಯಷ್ಟೇ ಅಲ್ಲದೆ ಉಣ್ಣುವ ಬೆಳೆಯೂ ಹೌದು. ಅದಕ್ಕೆ ಹೊಡೆದ ಔಷಧಿ ತಮಗೆ ಸಂಬಂಧಿಸಿದ್ದಲ್ಲವೆಂದು ಹಾಲು ಕರೆಯುವ ಮನೆಯವರು ಹೇಳುವಂತಿಲ್ಲ.

ಅಡಿಕೆಗೆ ಕೊಳೆರೋಗ, ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಹೇಗೋ ಹತ್ತಿಗೆ ಕಾಯಿಕೊರಕ ಹುಳು ಹಾಗೆ. 1970ರಲ್ಲಿ ಗುಜರಾತಿನ ಸೂರತ್ ಕೇಂದ್ರದಿಂದ ಎಚ್-4, 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಎಂಬ ಹೈಬ್ರಿಡ್ ತಳಿಗಳು ಬಂದು ಇಳುವರಿಯನ್ನೂ ಎಳೆಯ ಉದ್ದವನ್ನೂ ಹೆಚ್ಚಿಸಿದವು. ದೇಸಿ ಹತ್ತಿಗಿಂತ ಇವುಗಳಿಗೆ ಗೊಬ್ಬರವೂ ಹೆಚ್ಚು ಬೇಕು, ಹುಳುವಿನ ಬಾಧೆಯೂ ಹೆಚ್ಚು. ದೇಶದ ಸಾಗುವಳಿ ಭೂಮಿಯ ಶೇಕಡಾ 5ರಷ್ಟರಲ್ಲಿ ಮಾತ್ರ ಬೆಳೆಯುವ ಹತ್ತಿಯು ಒಟ್ಟು ಕೀಟನಾಶಕದಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಬಳಸುತ್ತಿದೆ ಎಂಬುದು 1990ರ ದಶಕದಲ್ಲಿ ಸಾಮಾನ್ಯವಾಗಿ ಕೊಡುತ್ತಿದ್ದ ಲೆಕ್ಕ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಕೆಲವು ವರ್ಷ ಕಾಯಿಕೊರಕದ ಔಷಧಿ ಕಡಿಮೆಯಾಯಿತು. ಆಮೇಲೆ ಗುಲಾಬಿ ಕಾಯಿಕೊರಕ ಬಿಟಿಯನ್ನೂ ತಡೆದುಕೊಳ್ಳುವಂತಾಯಿತು, ರಸ ಹೀರುವ ಕೀಟಗಳು ಹೆಚ್ಚಿದವು; ಸಿಂಪಡಣೆ ಮತ್ತೆ ಏರಿತು.

ಔಷಧಿಯ ಲೆಕ್ಕ

ಎಂಡೋಸಲ್ಫಾನ್ ಎಂಬ ಹೆಸರು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಸುರಿದ ಆ ವಿಷದ ಪರಿಣಾಮವನ್ನು ಅಲ್ಲಿಯ ಹಳ್ಳಿಗಳೂ, ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಯಂತಹ ಊರುಗಳೂ ಇಂದಿಗೂ ಅನುಭವಿಸುತ್ತಿವೆ. ಅದೇ ಎಂಡೋಸಲ್ಫಾನನ್ನು ದೇಶದಲ್ಲಿ ಹೇರಳವಾಗಿ ಬಳಸುತ್ತಿದ್ದ ಬೆಳೆಗಳಲ್ಲಿ ಹತ್ತಿಯೂ ಒಂದು. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಕಾಫಿಯ ಬಿಳಿ ಕಾಂಡಕೊರಕಕ್ಕೆ ನಾವು ಬಹುಕಾಲ ಬಳಿಯುತ್ತಿದ್ದ ಲಿಂಡೇನ್ ಕೂಡ 2013ರಿಂದ ನಿಷಿದ್ಧವಾಗಿದೆ. ಇಂದು ಶಿಫಾರಸಿನಲ್ಲಿರುವ ಔಷಧಿ ನಾಳೆ ನಿಷಿದ್ಧವಾದೀತು. ಅಷ್ಟರೊಳಗೆ ಅದು ಮಣ್ಣಿಗೂ ಮೈಗೂ ಸೇರಿರುತ್ತದೆ.

ಔಷಧಿಯ ಮೊದಲ ಪೆಟ್ಟು ಬೀಳುವುದು ಅದನ್ನು ಸಿಂಪಡಿಸುವವರ ಮೇಲೆ. 2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಹೊಲಗಳಿಗೆ ಔಷಧಿ ಹೊಡೆಯುತ್ತಿದ್ದ ರೈತರೂ ಕೂಲಿಕಾರರೂ ಸೇರಿ 20ಕ್ಕೂ ಹೆಚ್ಚು ಮಂದಿ ವಿಷವೇರಿ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಗಿಡಗಳು ಆಳೆತ್ತರ ಬೆಳೆದಿದ್ದವು. ಸಿಂಪಡಿಸಿದ ಔಷಧಿ ತಲೆ, ಮುಖಗಳ ಮಟ್ಟಕ್ಕೇ ಬರುತ್ತಿತ್ತು. ಮಳೆಗಾಲದಲ್ಲಿ ಅಡಿಕೆ ಮರದ ಮೇಲೆ ಕುಳಿತು ಕೊನೆಗಾರರು ಬೋರ್ಡೋ ದ್ರಾವಣ ಹೊಡೆಯುವಾಗ ಗಾಳಿ ತಿರುಗಿದರೆ ಏನಾಗುತ್ತದೆಂದು ಬಲ್ಲ ನಮಗೆ ಇದನ್ನು ಊಹಿಸುವುದು ಕಷ್ಟವಲ್ಲ. ವ್ಯತ್ಯಾಸವಿಷ್ಟೇ: ಬೋರ್ಡೋ ಕಣ್ಣು ಮೈ ಉರಿಸೀತು, ಯವತ್ಮಾಳದ ಔಷಧಿಗಳು ಜೀವ ತೆಗೆದವು.

ಸಾವಯವ ಹತ್ತಿ ಎಂದರೇನು?

ರಾಸಾಯನಿಕ ಗೊಬ್ಬರ, ರಾಸಾಯನಿಕ ಕೀಟನಾಶಕ, ಕಳೆನಾಶಕಗಳನ್ನು ಬಳಸದೆ, ಬಿಟಿಯಂತಹ ಕುಲಾಂತರಿ ಬೀಜವನ್ನೂ ಬಿತ್ತದೆ ಬೆಳೆದ ಹತ್ತಿಯೇ ಸಾವಯವ ಹತ್ತಿ. ನಮ್ಮ ದೇಶದಲ್ಲಿ ಸಾವಯವ ಉತ್ಪನ್ನಗಳ ರಾಷ್ಟ್ರೀಯ ಕಾರ್ಯಕ್ರಮ 2000ದಲ್ಲಿ ಆರಂಭವಾಯಿತು. ಅದರ ಪ್ರಕಾರ ಹತ್ತಿಯಂತಹ ವಾರ್ಷಿಕ ಬೆಳೆಯ ಭೂಮಿಗೆ 2 ವರ್ಷ, ಕಾಫಿಯಂತಹ ಬಹುವಾರ್ಷಿಕ ಬೆಳೆಗೆ 3 ವರ್ಷ ಪರಿವರ್ತನೆಯ ಅವಧಿ ಇದೆ. ಈ ಅವಧಿಯಲ್ಲಿ ಸಾವಯವ ಬೇಸಾಯದ ಕಷ್ಟವೆಲ್ಲ ಉಂಟು, ಸಾವಯವದ ಬೆಲೆ ಮಾತ್ರ ಇಲ್ಲ. ಸಣ್ಣ ಹಿಡುವಳಿದಾರರು ಗುಂಪಾಗಿ ಪ್ರಮಾಣಪತ್ರ ಪಡೆಯಲು ಅವಕಾಶವಿದೆ.

ಹುಳುವನ್ನು ತಡೆಯುವುದು ಹೇಗೆ? ಹತ್ತಿಯ ಸಾಲುಗಳ ನಡುವೆ ತೊಗರಿ, ಅಲಸಂದೆ ಹಾಕುತ್ತಾರೆ. ಅಂಚಿನಲ್ಲಿ ಚೆಂಡು ಹೂ, ಬೆಂಡೆ ಬೆಳೆದು ಕೀಟವನ್ನು ಅತ್ತ ಸೆಳೆಯುತ್ತಾರೆ. ಗಂಡು ಪತಂಗಗಳನ್ನು ಹಿಡಿಯಲು ಮೋಹಕ ಬಲೆ ಕಟ್ಟುತ್ತಾರೆ. 5 ಕಿಲೋ ಬೇವಿನ ಬೀಜದ ತಿರುಳನ್ನು ಅರೆದು ನೆನೆಸಿ ಸೋಸಿ 100 ಲೀಟರು ನೀರಿಗೆ ಬೆರೆಸಿ ಸಿಂಪಡಿಸುತ್ತಾರೆ. ಒಂದೇ ಹೊಲದಲ್ಲಿ ವರ್ಷ ವರ್ಷವೂ ಹತ್ತಿ ಹಾಕದೆ ಜೋಳ, ಕಡಲೆಗಳೊಂದಿಗೆ ಬೆಳೆ ಬದಲಿಸುತ್ತಾರೆ. ಧಾರವಾಡ, ಗದಗ ಕಡೆಯ ಜಯಧರದಂತಹ ದೇಸಿ ಹತ್ತಿ ಮಳೆಯಾಶ್ರಯದಲ್ಲೇ ಬರುತ್ತದೆ, ರಸ ಹೀರುವ ಕೀಟಗಳನ್ನು ತಡೆದುಕೊಳ್ಳುತ್ತದೆ. ಅದರ ಎಳೆ ಗಿಡ್ಡ. ತೀರ ನಯವಾದ ಗಿರಣಿ ಬಟ್ಟೆಗೆ ಒಗ್ಗದಿದ್ದರೂ ದಪ್ಪ ನೂಲಿನ ಕೈಮಗ್ಗದ ಬಟ್ಟೆಗೆ ಆಗುತ್ತದೆ.

ಪ್ರಯೋಜನ ಯಾರಿಗೆ?

ಈ ವಿಷಯದಲ್ಲಿ ಉತ್ಪ್ರೇಕ್ಷೆಯ ಮಾತುಗಳು ಬಹಳ. ಸಾವಯವ ಹತ್ತಿಯ ಅಂಗಿ ತೊಟ್ಟರೆ ಕಾಯಿಲೆ ವಾಸಿಯಾಗುತ್ತದೆ ಎಂಬಂತೆ ಜಾಹೀರಾತು ಮಾಡುವವರಿದ್ದಾರೆ. ಅದನ್ನು ನಂಬಬೇಕಾಗಿಲ್ಲ. ನೂಲು ತೆಗೆದು, ಕುದಿಸಿ, ಬಿಳುಪು ಮಾಡಿ, ತೊಳೆದು ಬರುವ ಬಟ್ಟೆಯಲ್ಲಿ ಹೊಲದ ಕೀಟನಾಶಕ ಉಳಿಯುವುದು ಅತ್ಯಲ್ಪ. ತೊಡುವವರ ಚರ್ಮಕ್ಕೆ ತೊಂದರೆ ಬರುವುದಿದ್ದರೆ ಬಣ್ಣ ಮತ್ತು ಸಂಸ್ಕರಣೆಯ ರಾಸಾಯನಿಕಗಳಿಂದ ಬರುವ ಸಂಭವವೇ ಹೆಚ್ಚು.

ನಿಜವಾದ ಪ್ರಯೋಜನ ಇರುವುದು ಹೊಲದಲ್ಲಿ. ಸಿಂಪಡಿಸುವವರ ಉಸಿರಿಗೆ ವಿಷ ಹೋಗುವುದಿಲ್ಲ. ಮಣ್ಣಿನಲ್ಲಿ ಎರೆಹುಳು, ಸೂಕ್ಷ್ಮಜೀವಿಗಳು ಉಳಿಯುತ್ತವೆ, ಜೇನು ಉಳಿಯುತ್ತದೆ. ಬಾವಿ, ಹಳ್ಳಗಳಿಗೆ ಔಷಧಿ ಇಳಿಯುವುದಿಲ್ಲ. ಬೀಜ, ಔಷಧಿಗಾಗಿ ಅಂಗಡಿಯಲ್ಲಿ ಬರೆಸುವ ಸಾಲ ಕಡಿಮೆಯಾಗುತ್ತದೆ. ಮಳೆ ಕೈಕೊಟ್ಟ ವರ್ಷ ನಷ್ಟವೂ ಅಷ್ಟಕ್ಕೇ ನಿಲ್ಲುತ್ತದೆ. ಇದರ ಜೊತೆಗೇ ಹೇಳಬೇಕಾದ ಮಾತೆಂದರೆ, ಸಾವಯವದಲ್ಲಿ ಇಳುವರಿ ಸಾಮಾನ್ಯವಾಗಿ ಕಡಿಮೆ, ಕಳೆ ಕೀಳುವ ಆಳಿನ ಖರ್ಚು ಹೆಚ್ಚು, ಬಿಟಿಯಲ್ಲದ ಒಳ್ಳೆಯ ಬೀಜ ಸಿಕ್ಕುವುದು ಕಷ್ಟ. ಕೊಳ್ಳುವವರು ಹೆಚ್ಚಿಗೆ ಕೊಡದಿದ್ದರೆ ಈ ಬೆಳೆಗಾರ ನಿಲ್ಲಲಾರ.

ಬಣ್ಣದ ಮಾತು

ಹತ್ತಿ ಸಾವಯವವಾದ ಮಾತ್ರಕ್ಕೆ ಬಟ್ಟೆ ಪರಿಸರಕ್ಕೆ ಒಳ್ಳೆಯದಾಯಿತು ಎನ್ನುವಂತಿಲ್ಲ. ತಮಿಳುನಾಡಿನ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ನೀರು ನೊಯ್ಯಲ್ ನದಿಗೆ ಸೇರಿ, ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟಿನಲ್ಲಿ ಬಣ್ಣದ ನೀರೇ ತುಂಬಿ ನಿಂತಿತು. ಕೆಳಗಿನ ರೈತರ ಭೂಮಿ ಕೆಟ್ಟಿತು. ರೈತರೇ ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಆ ಊರಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತು. ಆಮೇಲೆ ಒಂದು ಹನಿಯನ್ನೂ ಹೊರಬಿಡದಂತೆ ನೀರನ್ನು ಶುದ್ಧಿಗೊಳಿಸುವ ಷರತ್ತಿನ ಮೇಲೆ ಘಟಕಗಳು ತೆರೆದವು.

ಬಣ್ಣದ ವಿಷಯದಲ್ಲಿ ಅಡಿಕೆ ಬೆಳೆಗಾರರು ಹೆಮ್ಮೆ ಪಡುವ ಸಂಗತಿಯೊಂದಿದೆ. ಹಸಿ ಅಡಿಕೆ ಸುಲಿದು ಬೇಯಿಸುವ ಮನೆಗಳಲ್ಲಿ ಹಂಡೆಯ ತಳದಲ್ಲಿ ಉಳಿಯುವ ಚೊಗರು ನಮಗೆಲ್ಲ ಗೊತ್ತು. ಅಡಿಕೆಗೆ ಬಣ್ಣ ಕಟ್ಟಲು ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಚೆಲ್ಲುವುದು ವಾಡಿಕೆ. ಬಿಳಿ ಪಂಚೆಗೆ ತಾಗಿದ ಚೊಗರಿನ ಕಲೆ ಎಷ್ಟು ಒಗೆದರೂ ಹೋಗುವುದಿಲ್ಲ ಎಂದು ಮನೆಯ ಹೆಂಗಸರು ಬೈಯುತ್ತಾರಲ್ಲ, ಆ ಕಲೆಯೇ ಅದರ ಗುಣ. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಹತ್ತಿಯ ಎಳೆಗೆ ಕಚ್ಚಿಕೊಳ್ಳುತ್ತದೆ. ಪಟಿಕದ ನೀರಿನಲ್ಲಿ ಹದ ಮಾಡಿದ ನೂಲನ್ನು ಚೊಗರಿನಲ್ಲಿ ಕುದಿಸಿದರೆ ಕೆಂಗಂದು ಬಣ್ಣ ನಿಲ್ಲುತ್ತದೆ. ಕಬ್ಬಿಣದ ಅಂಶ ಸೇರಿದರೆ ಅದೇ ಬಣ್ಣ ಕಪ್ಪಿನ ಕಡೆಗೆ ತಿರುಗುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಿ ತೋರಿಸಿದ್ದು ಸಾಗರ ತಾಲೂಕಿನ ಹೆಗ್ಗೋಡು ಬಳಿಯ ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘ. ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಆರಂಭವಾದ ಈ ಸಂಘದಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಅಡಿಕೆಯ ಚೊಗರು, ದಾಳಿಂಬೆ ಸಿಪ್ಪೆ, ನೀಲಿ ಮುಂತಾದ ಸಸ್ಯಬಣ್ಣಗಳನ್ನು ಹತ್ತಿ ನೂಲಿಗೆ ಕಟ್ಟಿ, ಕೈಮಗ್ಗದಲ್ಲಿ ನೇಯ್ದು, ಹೊಲಿದು, ದೇಸಿ ಎಂಬ ಮಳಿಗೆಗಳ ಮೂಲಕ ಪಟ್ಟಣಗಳಿಗೆ ತಲುಪಿಸಿದರು. ನಾವು ಚೆಲ್ಲುತ್ತಿದ್ದ ನೀರು ಪಟ್ಟಣದವರು ಹಣ ಕೊಟ್ಟು ಕೊಳ್ಳುವ ಬಣ್ಣವಾಯಿತು. ಆ ಬಟ್ಟೆಯನ್ನು ನಮ್ಮ ಮನೆಗಳಲ್ಲಿ ಉಡುವವರು ಎಷ್ಟು ಮಂದಿ ಎಂದು ಬೆಳೆಗಾರ ಬಂಧುಗಳು ಯೋಚಿಸಬೇಕು.

ಗುರುತಿಸುವುದು ಹೇಗೆ?

ಸಾವಯವ ಹತ್ತಿ, ಸಸ್ಯಬಣ್ಣ, ಕೈಮಗ್ಗ ಇವು ಮೂರೂ ಬೇರೆ ಬೇರೆ ಸಂಗತಿಗಳು. ಕೈಮಗ್ಗದ ಸೀರೆ ಬಿಟಿ ಹತ್ತಿಯದಾಗಿರಬಹುದು. ಸಾವಯವ ಹತ್ತಿಯ ಅಂಗಿ ಗಿರಣಿಯಲ್ಲಿ ನೇಯ್ದದ್ದಾಗಿರಬಹುದು. ಅಂಗಡಿಯಲ್ಲಿ ಪ್ರತ್ಯೇಕವಾಗಿಯೇ ಕೇಳಿ ತಿಳಿಯುವುದು ಮೇಲು.

1. ಸಾವಯವ ಹತ್ತಿ: ಗ್ಲೋಬಲ್ ಆರ್ಗ್ಯಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್, ಚಿಕ್ಕದಾಗಿ ಗಾಟ್ಸ್ ಎಂಬ ಗುರುತಿನ ಚೀಟಿ ನೋಡಬೇಕು. ಬರಿಯ ‘ಸಾವಯವ’ ಎಂದು ಬರೆಯಬೇಕಾದರೆ ಬಟ್ಟೆಯಲ್ಲಿ ಶೇಕಡಾ 95ರಷ್ಟಾದರೂ ಪ್ರಮಾಣಿತ ಸಾವಯವ ನಾರು ಇರತಕ್ಕದ್ದು. ಶೇಕಡಾ 70ಕ್ಕೆ ಕಡಿಮೆಯಿಲ್ಲದಿದ್ದರೆ ‘ಇಷ್ಟು ಸಾವಯವ ನಾರಿನಿಂದ ಮಾಡಿದ್ದು’ ಎಂದು ಬರೆಯಬಹುದು. ಬಣ್ಣ ಮತ್ತು ತ್ಯಾಜ್ಯ ನೀರಿನ ನಿಯಮಗಳೂ ಇದರಲ್ಲಿವೆ.

2. ಕೈಮಗ್ಗ: 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಸರಕಾರಿ ಗುರುತು.

3. ಖಾದಿ: ಖಾದಿ ಮಾರ್ಕ್ ಇರುವ ಬಟ್ಟೆ ಕೈಯಿಂದ ನೂತು ಕೈಯಿಂದ ನೇಯ್ದದ್ದು.

ಚೀಟಿ ಇದ್ದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. 2020ರಲ್ಲಿ ಗಾಟ್ಸ್ ಸಂಸ್ಥೆಯೇ ತನಿಖೆ ಮಾಡಿ, ನಮ್ಮ ದೇಶದಲ್ಲಿ ಸುಮಾರು 20,000 ಟನ್ ಹತ್ತಿಗೆ ಸುಳ್ಳು ಸಾವಯವ ದಾಖಲೆ ಸೃಷ್ಟಿಯಾಗಿದ್ದನ್ನು ಪ್ರಕಟಿಸಿತು. ಇಂತಹ ಮೋಸದಿಂದ ಹೆಚ್ಚು ನಷ್ಟವಾಗುವುದು ನಿಜವಾಗಿ ಸಾವಯವ ಬೆಳೆದ ಬೆಳೆಗಾರನಿಗೆ. ಮಲಬಾರ್ ಮೆಣಸಿನ ಹೆಸರಿನಲ್ಲಿ ಹೊರದೇಶದ ಮೆಣಸು ಮಾರಾಟವಾದರೆ ನಮಗೆ ಆಗುವ ನಷ್ಟವೂ ಇದೇ ಬಗೆಯದು.

‘ಪರಿಸರಸ್ನೇಹಿ’ ಎಂಬ ಮಾತು ನಮ್ಮ ಹಾಳೆ ತಟ್ಟೆಗೂ ಅನ್ವಯಿಸುತ್ತದೆ. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳು 2022ರ ಜುಲೈ 1ರಿಂದ ದೇಶದಲ್ಲಿ ನಿಷಿದ್ಧವಾದದ್ದು ಹಾಳೆ ತಟ್ಟೆಗೆ ಅನುಕೂಲವೇ ಆಯಿತು. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯ ಅರೆಕೋಲಿನ್‌ನಂತಹ ಕ್ಷಾರಾಭಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು ಹಾಳೆ ತಟ್ಟೆಯನ್ನು ಊಟಕ್ಕೆ ಬಳಸುವುದಕ್ಕೆ ಆಕ್ಷೇಪಿಸಿತು. ಮಣ್ಣಿನಲ್ಲಿ ಕೊಳೆಯುತ್ತದೆ ಎಂದು ಹೇಳಿದರೆ ಸಾಲದು, ಪರೀಕ್ಷೆಯ ಫಲಿತಾಂಶವನ್ನೂ ಮುಂದಿಡಬೇಕು ಎಂಬ ಪಾಠ ಇದರಲ್ಲಿದೆ. ಹತ್ತಿಯವರಿಂದ ನಾವು ಪುರಾವೆ ಕೇಳುವಂತೆ ನಮ್ಮಿಂದಲೂ ಕೇಳುತ್ತಾರೆ.

ಬೆಲೆಯ ಪ್ರಶ್ನೆ

ಸಾವಯವ ಬಟ್ಟೆ ದುಬಾರಿ ಎಂಬ ಮಾತು ನಿಜ. ಅದರಲ್ಲಿ ಬೆಳೆಗಾರನ ಪಾಲೆಷ್ಟು ಎಂದು ಒಂದು ಲೆಕ್ಕ ಹಾಕಿ ನೋಡೋಣ. ಒಂದು ಅಂಗಿಗೆ ಕಾಲು ಕಿಲೋ ತೂಕದ ಬಟ್ಟೆ ಎಂದು ಇಟ್ಟುಕೊಳ್ಳಿ. ಸವಕಳಿ ಸೇರಿಸಿ 300 ಗ್ರಾಂ ಅರಳೆ ಬೇಕಾದೀತು. ಅಷ್ಟು ಅರಳೆಗೆ ಬೇಕಾಗುವ ಬಿಡಿಸಿದ ಹತ್ತಿ ಸುಮಾರು 900 ಗ್ರಾಂ. ಈಗ ಸಾವಯವ ಬೆಳೆಗಾರನಿಗೆ ಕ್ವಿಂಟಾಲಿಗೆ 1,000 ರೂಪಾಯಿ ಹೆಚ್ಚು ಕೊಟ್ಟೆವೆಂದರೂ ಒಂದು ಅಂಗಿಯ ಮೇಲೆ ಬೀಳುವ ಹೆಚ್ಚಿನ ಹೊರೆ 9 ರೂಪಾಯಿ ಮಾತ್ರ. ಉಳಿದ ಹೆಚ್ಚಳವೆಲ್ಲ ಸಣ್ಣ ಪ್ರಮಾಣದಲ್ಲಿ ಪ್ರತ್ಯೇಕವಾಗಿ ನೂಲುವ, ನೇಯುವ, ಸಾಗಿಸುವ ಖರ್ಚು, ಪ್ರಮಾಣಪತ್ರದ ಶುಲ್ಕ, ಅಂಗಡಿಯ ಲಾಭ. ಪಟ್ಟಣದ ಹೋಟೆಲಿನ ಒಂದು ಕಪ್ ಕಾಫಿಯ ಬೆಲೆಯಲ್ಲಿ ನಮ್ಮ ಬೀಜದ ಪಾಲು ಎಷ್ಟೆಂದು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಕೊಳ್ಳುವವರು ಒಟ್ಟುಗೂಡಿದರೆ ಈ ನಡುವಿನ ಖರ್ಚು ಇಳಿಯುತ್ತದೆ. ಬೆಳೆಗಾರರು ಒಟ್ಟಾಗಿ ಮಾರಿದರೆ ಬೆಲೆ ನಿಲ್ಲುತ್ತದೆಂದು 1923ರಲ್ಲಿ ಶಿರಸಿಯ ತೋಟಗಾರರ ಸಂಘ, 1939ರಲ್ಲಿ ಶಿವಮೊಗ್ಗದ ಮ್ಯಾಮ್‌ಕೋಸ್, 1973ರಲ್ಲಿ ಮಂಗಳೂರಿನ ಕ್ಯಾಂಪ್ಕೊ ತೋರಿಸಿಕೊಟ್ಟವು. ಒಟ್ಟಾಗಿ ಮಾರುವ ಜಾಣ್ಮೆ ಇರುವ ನಮಗೆ ಒಟ್ಟಾಗಿ ಕೊಳ್ಳುವುದು ಆಗದ ಕೆಲಸವೇನಲ್ಲ.

ಮನೆಯಲ್ಲೂ ತೋಟದಲ್ಲೂ ಮಾಡಬಹುದಾದದ್ದು

ಎಲ್ಲವನ್ನೂ ಒಂದೇ ವರ್ಷ ಬದಲಿಸಬೇಕೆಂದು ನಾವು ಹೇಳುತ್ತಿಲ್ಲ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಬಾಳಿಕೆ ಬರುತ್ತದೆ. ನಮ್ಮ ಮಳೆಗಾಲದಲ್ಲಿ ಅದರ ಅನುಕೂಲ ಅಲ್ಲಗಳೆಯುವಂತಿಲ್ಲ. ಆದರೆ ಅದು ಕಲ್ಲೆಣ್ಣೆಯಿಂದ ಬಂದ ಎಳೆ. ಪ್ರತಿ ಒಗೆತದಲ್ಲೂ ಅದರ ಸೂಕ್ಷ್ಮ ತುಣುಕುಗಳು ನೀರಿಗೆ ಸೇರುತ್ತವೆ, ಹರಿದ ಮೇಲೆ ಗೊಬ್ಬರದ ಗುಂಡಿಯಲ್ಲಿ ಕೊಳೆಯುವುದಿಲ್ಲ. ಆದ್ದರಿಂದ ಮೊದಲಿಗೆ ಇಷ್ಟನ್ನು ಮಾಡಬಹುದು:

ಮೈಗೆ ತಾಗಿ ಹೆಚ್ಚು ಹೊತ್ತು ಇರುವ ಬಟ್ಟೆಗಳನ್ನು, ಅಂದರೆ ಪಂಚೆ, ಟವೆಲು, ಹಾಸಿಗೆ ಹೊದಿಕೆ, ಮಗುವಿನ ಬಟ್ಟೆಗಳನ್ನು ಮೊದಲು ಸಾವಯವ ಹತ್ತಿಗೆ ಬದಲಿಸಿ. ಬಣ್ಣ ಹಾಕದ, ಬಿಳುಪು ಮಾಡದ ಕೋರಾ ಬಟ್ಟೆ ಸಿಕ್ಕಿದರೆ ಇನ್ನೂ ಉತ್ತಮ.

ಚೊಗರು ಮುಂತಾದ ಸಸ್ಯಬಣ್ಣದ ಬಟ್ಟೆಯನ್ನು ಮೊದಲ ಸಲ ಬೇರೆಯಾಗಿ ಒಗೆಯಿರಿ, ನೆರಳಿನಲ್ಲಿ ಒಣಗಿಸಿ. ಎಲೆ ಅಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುವಂತೆ, ಕ್ಷಾರ ಹೆಚ್ಚಿರುವ ಸೋಪು ತಗಲಿದರೆ ಚೊಗರಿನ ಬಣ್ಣ ಬದಲಾಗುತ್ತದೆ. ಅಂಟುವಾಳ ಕಾಯಿ ಇದ್ದವರು ಅದನ್ನೇ ಬಳಸಬಹುದು.

ಕಾಫಿ, ಮೆಣಸನ್ನು ಗೊಬ್ಬರ ಬಂದ ಹಳೆಯ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಡಬೇಡಿ. ಶುಚಿಯಾದ ಸೆಣಬಿನ ಗೋಣಿಚೀಲ ಬಳಸಿ. ಸೆಣಬಿನ ನಾರನ್ನು ಮೆದು ಮಾಡಲು ಖನಿಜ ತೈಲದ ಬದಲು ಸಸ್ಯತೈಲ ಬಳಸಿದ ಆಹಾರ ದರ್ಜೆಯ ಚೀಲಗಳಿಗೆ 1998ರಲ್ಲೇ ಅಂತರರಾಷ್ಟ್ರೀಯ ಮಾನದಂಡ ಏರ್ಪಟ್ಟಿದೆ. ರಫ್ತಿನ ಕಾಫಿಗೆ ಅಂತಹ ಚೀಲವನ್ನೇ ಕೇಳುತ್ತಾರೆ.

ಔಷಧಿ ಹೊಡೆಯುವವರಿಗೆ ಮೈ ತುಂಬ ಮುಚ್ಚುವ ದಪ್ಪ ಹತ್ತಿ ಬಟ್ಟೆ, ಕೈಗವಸು, ಕಣ್ಣಿನ ರಕ್ಷಣೆ ಒದಗಿಸಿ. ಆ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಒಗೆಯಬೇಡಿ.

ಚೊಗರು ಹೆಚ್ಚು ಉಳಿಯುವ ಮನೆಯವರು ಅದನ್ನು ಹಳ್ಳಕ್ಕೆ ಬಿಡದೆ ಗಟ್ಟಿ ಮಾಡಿ ಕೂಡಿಟ್ಟು, ಬಣ್ಣ ಹಾಕುವವರು ಹತ್ತಿರದಲ್ಲಿದ್ದರೆ ವಿಚಾರಿಸಿ ನೋಡಿ.

ಮುಂದಿನ ಹಬ್ಬದ ಜವಳಿ ಕೊಳ್ಳುವ ಮೊದಲು ಹತ್ತಾರು ಮನೆಯವರು ಸೇರಿ, ಎಷ್ಟು ಪಂಚೆ, ಎಷ್ಟು ಟವೆಲು, ಎಷ್ಟು ಸೀರೆ ಬೇಕೆಂದು ಪಟ್ಟಿ ಮಾಡಿದರೆ ನೇಕಾರರ ಸಹಕಾರ ಸಂಘಗಳಿಗೆ ನೇರವಾಗಿ ಬರೆದು ತರಿಸಬಹುದು. ಹತ್ತಿ ಎಲ್ಲಿಯದು, ಬಣ್ಣ ಯಾವುದು, ನೇಯ್ದವರಾರು ಎಂಬ ಮೂರು ಪ್ರಶ್ನೆಗಳನ್ನು ಆ ಪತ್ರದಲ್ಲೇ ಬರೆಯಿರಿ. ದೂರದ ದೇಶದ ಗ್ರಾಹಕ ನಮ್ಮ ಕಾಫಿಯ ಚೀಲ ನೋಡಿ ಇದೇ ಪ್ರಶ್ನೆ ಕೇಳಿ, ಉತ್ತರಕ್ಕೆ ತಕ್ಕ ಬೆಲೆ ಕೊಡಬೇಕೆಂಬುದು ನಮ್ಮ ಬೇಡಿಕೆ. ಬಯಲುಸೀಮೆಯ ಹತ್ತಿ ಬೆಳೆಗಾರನಿಗೆ ನಾವೂ ಅಷ್ಟೇ ದೂರದ ಗ್ರಾಹಕರು. ಅವನ ಬೇಡಿಕೆಯೂ ಅದೇ.